ಪಂಕ್ತಿಯಲ್ಲಿ ಹಿಂದುಳಿದ ಮಗು
(ಜಾತ್ರಾ ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಭಾಷಣ)

ನಮ್ಮ ದಾಸೋಹದಲ್ಲಿ ಒಬ್ಬ ಭಕ್ತ ತಡವಾಗಿ ಬಂದು ಕುಳಿತನೆನ್ನಿ. ಪಂಕ್ತಿ ಆಗಲೇ ಮಜ್ಜಿಗೆಗೆ ಬಂದಿರುತ್ತದೆ. ಆದರೆ ಬಡಿಸುವವರು ಅವನಿಗೆ ಬರೀ ಮಜ್ಜಿಗೆ ಹಾಕಿ ಏಳಿಸುವುದಿಲ್ಲ, ಹುಗ್ಗಿಯಿಂದಲೇ ಆರಂಭಿಸುತ್ತಾರೆ. ಈ ನ್ಯಾಯ ನಮ್ಮ ಶಾಲೆಗಳಲ್ಲಿ ನಡೆಯುತ್ತಿದೆಯೇ ಎಂಬುದೇ ಇಂದಿನ ನನ್ನ ಪ್ರಶ್ನೆ.

ಐದನೆಯ ತರಗತಿಯ ಮಗುವಿಗೆ ಒತ್ತಕ್ಷರ ಓದಲು ಬಾರದಿದ್ದರೂ ಐದನೆಯ ತರಗತಿಯ ಪಾಠವನ್ನೇ ಕೇಳಬೇಕು. ನಮ್ಮ ಗಡಿಭಾಗದಲ್ಲಿ ಈ ಕಷ್ಟ ಇಮ್ಮಡಿ. ಮನೆಯಲ್ಲಿ ಕನ್ನಡ, ತಾಂಡಾದಲ್ಲಿ ಲಂಬಾಣಿ, ಇನ್ನೊಂದು ಓಣಿಯಲ್ಲಿ ಉರ್ದು. ಪುಸ್ತಕ ಮಾತ್ರ ತೆಲುಗಿನದೋ ಇಂಗ್ಲಿಷಿನದೋ ಆಗಿರುತ್ತದೆ. ಅಂಥ ಮಗುವನ್ನು ನಾವು ದಡ್ಡನೆಂದು ಕರೆದುಬಿಡುತ್ತೇವೆ. 2020ರಿಂದ ಕೊರೊನಾ ಕಾಲದಲ್ಲಿ ಶಾಲೆಗಳು ಮುಚ್ಚಿದಾಗ ಅದು ಇನ್ನಷ್ಟು ಹಿಂದೆ ಬಿದ್ದಿತು.

ಶಾಲೆಗೆ ಹಣ ಬರುವುದಿಲ್ಲವೆಂದಲ್ಲ. ತೆಲಂಗಾಣ ಸರ್ಕಾರವು 2022ರಲ್ಲಿ ‘ಮನ ಊರು ಮನ ಬಡಿ’ ಯೋಜನೆಯನ್ನು 7,289 ಕೋಟಿ ರೂಪಾಯಿ ಅಂದಾಜಿನಲ್ಲಿ ಆರಂಭಿಸಿತು. ಅದು ಮುಖ್ಯವಾಗಿ ಕುಡಿಯುವ ನೀರು, ಶೌಚಾಲಯ, ದುರಸ್ತಿ, ಪೀಠೋಪಕರಣಗಳಿಗಾಗಿ. ಇವೆಲ್ಲ ಬೇಕು. ಆದರೆ ಗೋಡೆಗೆ ಬಣ್ಣ ಬಳಿದ ಮಾತ್ರಕ್ಕೆ ಮಗುವಿಗೆ ಓದು ಬಾರದು. ಅದೇ ವರ್ಷ ಆರಂಭವಾದ ‘ತೊಲಿಮೆಟ್ಟು’, ಎಂದರೆ ಮೊದಲ ಮೆಟ್ಟಿಲು, ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ಓದು ಮತ್ತು ಲೆಕ್ಕದ ಅಡಿಪಾಯ ಹಾಕಲು ಹೊರಟಿತು.

ಕಡಿಮೆ ಹಣದಲ್ಲಿ ಏನು ಸಾಧ್ಯ ಎಂಬುದಕ್ಕೆ ಒಂದು ನಿದರ್ಶನವಿದೆ. 2001ರ ಸುಮಾರಿಗೆ ಮುಂಬಯಿ ಮತ್ತು ವಡೋದರಾದ ಶಾಲೆಗಳಲ್ಲಿ ‘ಪ್ರಥಮ್’ ಸಂಸ್ಥೆ ‘ಬಾಲಸಖಿ’ಯರನ್ನು ನೇಮಿಸಿತು. ಇವರು ಅದೇ ಬಡಾವಣೆಯ, ಸಾಧಾರಣ ಓದಿನ ಯುವತಿಯರು. ಮೂರು ಮತ್ತು ನಾಲ್ಕನೆಯ ತರಗತಿಯಲ್ಲಿ ಹಿಂದುಳಿದ 15–20 ಮಕ್ಕಳನ್ನು ದಿನಕ್ಕೆ ಎರಡು ತಾಸು ಬೇರೆ ಕೂರಿಸಿಕೊಂಡು, ಅವರಿಗೆ ಬಾರದಿದ್ದಲ್ಲಿಂದಲೇ ಕಲಿಸಿದರು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮೊದಲಾದವರು ಇದನ್ನು ಪರೀಕ್ಷಿಸಿ, ಆ ಮಕ್ಕಳ ಕಲಿಕೆ ನಿಜವಾಗಿ ಸುಧಾರಿಸಿದ್ದನ್ನು ಕಂಡರು. ಇವರಿಬ್ಬರಿಗೂ 2019ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು.

ಇಂಗ್ಲೆಂಡಿನಲ್ಲಿ 2011ರಿಂದ ಬಡ ಮಕ್ಕಳ ಸಂಖ್ಯೆಗೆ ತಕ್ಕಂತೆ ಶಾಲೆಗೆ ಹೆಚ್ಚುವರಿ ಹಣ ಕೊಡುತ್ತಾರೆ. ಅದರ ವಿನಿಯೋಗವನ್ನು ಶಾಲೆ ಎಲ್ಲರಿಗೂ ತಿಳಿಯುವಂತೆ ಪ್ರಕಟಿಸಬೇಕು. ಜಾತ್ರೆಯ ಜಮಾ-ಖರ್ಚನ್ನು ನಾಲ್ಕು ಜನರ ಮುಂದೆ ಓದುವ ನಮಗೆ ಈ ಪದ್ಧತಿ ಹೊಸದೇನಲ್ಲ.

ಆದ್ದರಿಂದ ಸಮಿತಿಯಲ್ಲಿ ನನ್ನದೊಂದು ಬಿನ್ನಹ. ದಾನಿಗಳು ಶಾಲೆಗೆ ಕಮಾನು ಕಟ್ಟಿಸಿ ಹೆಸರು ಬರೆಸುವುದು ಸಂತೋಷವೇ. ಅದರೊಂದಿಗೆ, ಊರಿನಲ್ಲೇ ಓದಿದ ಒಬ್ಬ ಹೆಣ್ಣುಮಗಳಿಗೆ ಗೌರವಧನ ಕೊಟ್ಟು, ದಿನವೂ ಸಂಜೆ ಎರಡು ತಾಸು ಗುಡಿಯ ಮಂಟಪದಲ್ಲಿ ಇಂಥ ಮಕ್ಕಳನ್ನು ಕೂರಿಸೋಣ. ಯಾವ ಮಗುವಿಗೆ ಏನು ಬಾರದೆಂಬುದನ್ನು ಶಾಲೆಯ ಗುರುಗಳಿಂದಲೇ ತಿಳಿಯೋಣ. ಮನೆಮಾತಿನಲ್ಲಿ ಅರ್ಥ ಹೇಳಿ ಶಾಲೆಯ ಭಾಷೆಗೆ ಕೈಹಿಡಿದು ನಡೆಸಲಿ. ಜಾತಿ, ಮತ, ಭಾಷೆಯ ಭೇದ ಅಲ್ಲಿ ಬೇಡ.

ಮುಂದಿನ ಜಾತ್ರೆಗೆ ಆ ಮಕ್ಕಳಲ್ಲಿ ಒಬ್ಬರು ಇದೇ ವೇದಿಕೆಯಲ್ಲಿ ನಿಂತು ಒಂದು ಪುಟ ತಡೆಯಿಲ್ಲದೆ ಓದಿದರೆ, ಅದೂ ಸ್ವಾಮಿಗೆ ಸಲ್ಲುವ ಸೇವೆಯೇ. ಅಕ್ಷರದ ಪಂಕ್ತಿಯಿಂದ ಯಾರೂ ಹಸಿದು ಏಳದಿರಲಿ ಎಂದು ಪ್ರಾರ್ಥಿಸಿ, ನನ್ನ ಮಾತು ಮುಗಿಸುತ್ತೇನೆ.