ಹಳೆಯ ಡ್ರೈವರ್ ಕೊಳ್ಳುವಾಗ

ಡ್ರೈವರ್ ಎಂದೊಡನೆ ಮೋಟಾರು ನಡೆಸುವವನು ನೆನಪಿಗೆ ಬರುವುದು ಸಹಜ. ಆದರೆ ಈ ಹೊತ್ತು ನಾನು ಹೇಳಹೊರಟಿರುವುದು ಗಾಲ್ಫ್ ಆಟದ ಡ್ರೈವರ್ ವಿಚಾರ. ಆಟಗಾರನ ಚೀಲದಲ್ಲಿ ಹದಿನಾಲ್ಕು ಕೋಲುಗಳವರೆಗೆ ಇರಬಹುದು. ಅವುಗಳಲ್ಲಿ ಉದ್ದವಾದದ್ದು, ತಲೆ ದಪ್ಪನಾದದ್ದು, ಬೆಲೆಯಲ್ಲಿಯೂ ಸಾಮಾನ್ಯವಾಗಿ ಮುಂದಾದದ್ದು ಈ ಡ್ರೈವರ್. ಚೆಂಡನ್ನು ಪುಟ್ಟ ಗೂಟದ ಮೇಲೆ ಕೂರಿಸಿ ಮೊದಲ ಏಟಿಗೆ ದೂರ ಅಟ್ಟುವುದಕ್ಕೆ ಇದು ಬೇಕು. ಚಿನ್ನಿದಾಂಡು ಆಡಿ ಬೆಳೆದವರಿಗೆ ಆ ಮೊದಲ ಏಟಿನ ಆಸೆ ಎಂಥದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕನ್ನಡ ಪಂಡಿತನಿಗೂ ಗಾಲ್ಫಿಗೂ ಏನು ನಂಟು ಎಂದು ಕೆಲವರು ಹುಬ್ಬೇರಿಸಬಹುದು. ಬೆಂಗಳೂರಿನಲ್ಲಿ ಈ ಆಟ ನಿನ್ನೆ ಮೊನ್ನೆಯದಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ ಸ್ಥಾಪನೆಯಾದದ್ದು ೧೮೭೬ರಲ್ಲಿ. ಈ ಆಟದ ಮೈದಾನಗಳಲ್ಲಿ ಎರಡು ಬಗೆಯ ಜನರನ್ನು ಕಾಣುತ್ತೇವೆ: ಚೀಲದ ಒಡೆಯರು ಮತ್ತು ಚೀಲ ಹೊರುವ ಕ್ಯಾಡಿಗಳು. ನನ್ನ ತರಗತಿಗಳಲ್ಲಿ ಕೂತು ಹೋದವರಲ್ಲಿ ಕ್ಯಾಡಿಗಳ ಮಕ್ಕಳು ಹಲವರು. ಕೆಲವರು ತಂದೆಯ ಕೆಲಸವನ್ನೇ ಹಿಡಿದು, ಒಡೆಯರ ಆಟ ನೋಡಿ ನೋಡಿಯೇ ತಾವೂ ಚೆನ್ನಾಗಿ ಆಡಬಲ್ಲವರಾದರು. ಈ ಕೋಲುಗಳ ವಿದ್ಯೆ ನನಗೆ ಬಂದದ್ದು ಅವರಿಂದಲೇ. ಇಲ್ಲಿ ಶಿಷ್ಯರೇ ಗುರುಗಳು. ಅಂಥ ಒಬ್ಬ ಹುಡುಗ ಆರೇಳು ತಿಂಗಳ ಉಳಿತಾಯವನ್ನು ಜೇಬಿನಲ್ಲಿಟ್ಟುಕೊಂಡು ಹಳೆಯ ಡ್ರೈವರ್ ಕೊಳ್ಳಲು ಹೊರಟರೆ ಅವನು ಮೋಸಹೋಗಬಾರದು. ಈ ಮಾತೆಲ್ಲ ಮುಖ್ಯವಾಗಿ ಅವನಿಗಾಗಿ. ಚೀಲದ ಒಡೆಯರು ಕೇಳಿದರೂ ನಷ್ಟವೇನಿಲ್ಲ.

ಮೊದಲು ಒಂದು ಶಂಕೆಯನ್ನು ಪರಿಹರಿಸಿಕೊಳ್ಳೋಣ. ಹಳೆಯದು ಹೊಸದರಷ್ಟು ದೂರ ಹೊಡೆದೀತೇ? ಒಂದು ಕಾಲದಲ್ಲಿ ಈ ಶಂಕೆಗೆ ಅರ್ಥವಿತ್ತು. ಆಗ ಡ್ರೈವರಿನ ತಲೆಯನ್ನು ಪರ್ಸಿಮನ್ ಮರದಲ್ಲಿ ಕಡೆಯುತ್ತಿದ್ದರು. ನಮ್ಮ ಬೀಡಿ ಎಲೆಯ ತೂಬರೆ ಮರದ ಕುಲದ್ದೇ ಅದು. ೧೯೭೯ರಲ್ಲಿ ಟೇಲರ್‌ಮೇಡ್ ಕಂಪೆನಿ ಉಕ್ಕಿನ ತಲೆಯನ್ನು ಮಾರುಕಟ್ಟೆಗೆ ತಂದಿತು. ೧೯೯೧ರಲ್ಲಿ ಕ್ಯಾಲವೇ ಕಂಪೆನಿಯ ಬಿಗ್ ಬರ್ತಾ ಬಂದಾಗ ಅದರ ೧೯೦ ಘನ ಸೆಂಟಿಮೀಟರ್ ಗಾತ್ರವೇ ಜನರಿಗೆ ಸೋಜಿಗವಾಗಿತ್ತು. ಆಮೇಲೆ ಟೈಟೇನಿಯಂ ಲೋಹ ಬಂತು, ತಲೆ ಕುಂಬಳಕಾಯಿಯಂತೆ ಊದುತ್ತ ಹೋಯಿತು. ಕಡೆಗೆ ಆಟದ ನಿಯಮಗಳನ್ನು ನೋಡಿಕೊಳ್ಳುವ ಸಂಸ್ಥೆಗಳು ಲಗಾಮು ಹಾಕಿದವು. ೨೦೦೪ರಿಂದ ತಲೆಯ ಗಾತ್ರಕ್ಕೆ ೪೬೦ ಘನ ಸೆಂಟಿಮೀಟರಿನ ಮಿತಿ. ಮುಖದ ಚಿಮ್ಮುಗುಣಕ್ಕೂ ಮಿತಿಯುಂಟು. ಮುಖವೆಂದರೆ ತೆಳುವಾದ ಲೋಹದ ತಗಡು. ಚೆಂಡು ತಗುಲಿದಾಗ ಅದು ಒಳಕ್ಕೆ ಬಾಗಿ ಮರಳಿ ಚಿಮ್ಮುತ್ತದೆ. ಸಣ್ಣ ಲೋಲಕವೊಂದನ್ನು ಮುಖಕ್ಕೆ ತಾಗಿಸಿ ಸ್ಪರ್ಶದ ಕಾಲವನ್ನು ಅಳೆಯುತ್ತಾರೆ. ಅದು ೨೫೭ ಮೈಕ್ರೊಸೆಕೆಂಡನ್ನು ಮೀರಕೂಡದು.

ಇದರ ಅರ್ಥವೇನು? ಈಚಿನ ಡ್ರೈವರುಗಳೆಲ್ಲ ಒಂದೇ ಛಾವಣಿಯ ಕೆಳಗೆ ನಿಂತಿವೆ. ಛಾವಣಿಯನ್ನು ಅವು ಮುಟ್ಟಿಯೂ ಬಹಳ ಕಾಲವಾಯಿತು. ಆದರೂ ಕಂಪೆನಿಗಳು ವರ್ಷಕ್ಕೊಂದು, ಎರಡು ವರ್ಷಕ್ಕೊಂದು ಹೊಸ ಹೆಸರನ್ನು ಹೊರತರುತ್ತವೆ. ೨೦೨೪ರಲ್ಲಿ ಅಮೆರಿಕದಲ್ಲಿ ದೊಡ್ಡ ಕಂಪೆನಿಯ ಹೊಸ ಡ್ರೈವರಿಗೆ ೬೦೦ ಡಾಲರಿನಷ್ಟು ಬೆಲೆಯಿತ್ತು. ಹೊಸ ಹೆಸರು ಬಂದ ದಿನವೇ ಹಿಂದಿನದರ ಬೆಲೆ ಇಳಿಯುತ್ತದೆ. ಇಳಿದದ್ದು ಬೆಲೆ, ಗುಣವಲ್ಲ. ಹೊಸವುಗಳಲ್ಲಿ ಅಂಚಿಗೆ ಬಿದ್ದ ತಪ್ಪೇಟನ್ನು ಕ್ಷಮಿಸುವ ಗುಣ ಒಂದಿಷ್ಟು ಹೆಚ್ಚಿರುವುದು ನಿಜ. ಆದರೆ ಆ ಒಂದಿಷ್ಟಕ್ಕೆ ಎರಡರಷ್ಟು, ಮೂರರಷ್ಟು ಹಣ ತೆರುವುದು ಬಡವನ ಲೆಕ್ಕಾಚಾರವಾಗಲಾರದು. ೨೦೧೬ರ ಟೇಲರ್‌ಮೇಡ್ ಎಂ ೨, ೨೦೧೭ರ ಪಿಂಗ್ ಜಿ ೪೦೦, ಇಂಥವು ಇಂದಿಗೂ ಯಾರ ಮುಂದೆಯೂ ತಲೆತಗ್ಗಿಸಬೇಕಾದ ಕೋಲುಗಳಲ್ಲ.

ತೀರ ಹಳೆಯದಕ್ಕೆ ಕೈಹಾಕುವಾಗ ಮಾತ್ರ ಎಚ್ಚರ ಬೇಕು. ಚಿಮ್ಮುಗುಣದ ಮಿತಿ ಅಮೆರಿಕದ ಹೊರಗೆ ಎಲ್ಲ ದರ್ಜೆಯ ಆಟಗಾರರಿಗೂ ಅನ್ವಯವಾದದ್ದು ೨೦೦೮ರ ಜನವರಿಯಿಂದ. ಅದಕ್ಕೆ ಹಿಂದೆ ತಯಾರಾದ ಕೆಲವು ಕೋಲುಗಳು ಮಿತಿಯನ್ನು ಮೀರಿದವು. ಅಂಥದನ್ನು ಕೊಂಡವನು ಪಂದ್ಯಕ್ಕೆ ಒಯ್ದರೆ ಹೊರಗುಳಿಯಬೇಕಾಗುತ್ತದೆ. ನಿಯಮಕ್ಕೆ ಒಪ್ಪಿದ ತಲೆಗಳ ಪಟ್ಟಿಯನ್ನು ಆರ್ ಅಂಡ್ ಎ ಸಂಸ್ಥೆ ಪ್ರಕಟಿಸುತ್ತದೆ; ಹೆಸರು ಅಲ್ಲಿದೆಯೇ ನೋಡಿಕೊಳ್ಳಬೇಕು.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತು. ಕೊಳ್ಳುವವರು ನೋಡುವುದು ತಲೆಯ ಮೇಲಿನ ಹೆಸರನ್ನು. ನೋಡಬೇಕಾದದ್ದು ದಂಡವನ್ನು, ಅಂದರೆ ಶಾಫ್ಟನ್ನು. ಅದರ ಬಾಗುವಿಕೆಗೆ ಅಕ್ಷರದ ಗುರುತುಗಳಿವೆ: ಆರ್ ಎಂದರೆ ಸಾಧಾರಣ, ಎಸ್ ಎಂದರೆ ಬಿರುಸು. ತಮಾಷೆಯೇನೆಂದರೆ ಈ ಅಕ್ಷರಗಳಿಗೆ ಎಲ್ಲರೂ ಒಪ್ಪಿದ ಅಳತೆಯೇ ಇಲ್ಲ. ಹಿಂದೆ ನಮ್ಮಲ್ಲಿ ಊರಿಗೊಂದು ಸೇರು ಇದ್ದಂತೆ, ಒಬ್ಬರ ಆರ್ ಇನ್ನೊಬ್ಬರ ಎಸ್ ಆಗಿರಬಹುದು. ಆದುದರಿಂದ ಅಕ್ಷರವನ್ನು ಓದಿ ಸುಮ್ಮನಾಗದೆ ನಾಲ್ಕು ಏಟು ಹೊಡೆದು ನೋಡಬೇಕು. ಮುಖದ ಓರೆಯ ವಿಷಯವೂ ಹಾಗೆಯೇ. ಒಂಬತ್ತು ಡಿಗ್ರಿಯದು ವೀರನ ಲಕ್ಷಣವೆಂದು ಹುಡುಗರು ಭಾವಿಸುತ್ತಾರೆ. ಬೀಸುವ ವೇಗ ಕಡಿಮೆಯಿದ್ದವನಿಗೆ ಹತ್ತೂವರೆ, ಹನ್ನೆರಡು ಡಿಗ್ರಿಯದೇ ಚೆಂಡನ್ನು ಹೆಚ್ಚು ಹೊತ್ತು ಗಾಳಿಯಲ್ಲಿ ಇರಿಸುತ್ತದೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮುಂದೆ ಎರಡು ಕೋಲುಗಳಿದ್ದವು. ಒಂದು ಹೊಳೆಯುವಂಥದು, ಒಂಬತ್ತು ಡಿಗ್ರಿ, ಬಿರುಸು ದಂಡ. ಇನ್ನೊಂದು ಅದಕ್ಕಿಂತ ಮೂರು ನಾಲ್ಕು ವರ್ಷ ಹಿಂದಿನದು. ತಲೆಯ ಬಣ್ಣ ಅಲ್ಲಲ್ಲಿ ಎದ್ದಿತ್ತು. ಮೊದಲನೆಯದರಲ್ಲಿ ಅವನ ಚೆಂಡು ಏಳದೆ ಬಲಕ್ಕೆ ಸರಿದು ಪೊದೆ ಸೇರುತ್ತಿತ್ತು. ಎರಡನೆಯದರಲ್ಲಿ ಹತ್ತಕ್ಕೆ ಏಳು ನಡುದಾರಿಯಲ್ಲಿ ಬಿದ್ದವು. ಆದರೂ ಅವನ ಕಣ್ಣೆಲ್ಲ ಹೊಳೆಯುವುದರ ಮೇಲೆಯೇ. ಗೆಳೆಯರು ನೋಡಿ ಏನೆಂದಾರು ಎಂಬ ಚಿಂತೆ ಅವನದು. ಅವನ ತಾಯಿ ಹೂ ಮಾರುವಾಕೆ. ಆಕೆ ಒಂದೇ ಮಾತು ಕೇಳಿದಳಂತೆ: “ಚೆಂಡು ಹುಡುಕೋ ಕೂಲಿ ಯಾರು ಕೊಡ್ತಾರೆ?” ಅವನು ಬಣ್ಣ ಎದ್ದದ್ದನ್ನೇ ತಂದ.

ದೂರದ ಮೋಹ ಬಿಡದವರಿಗೆ ಬೆಂಗಳೂರಿನವರೇ ಆದ ಅದಿತಿ ಅಶೋಕ್ ಅವರ ಆಟವನ್ನು ತೋರಿಸಬೇಕು. ೨೦೨೧ರಲ್ಲಿ ಟೋಕಿಯೋದಲ್ಲಿ ನಡೆದ ಒಲಿಂಪಿಕ್ಸಿನಲ್ಲಿ ಅವರು ನಾಲ್ಕನೆಯವರಾದರು, ಪದಕ ಕೈತಪ್ಪಿದ್ದು ಒಂದೇ ಏಟಿನ ಅಂತರದಿಂದ. ತಾಯಿಯೇ ಅಲ್ಲಿ ಅವರ ಕ್ಯಾಡಿ. ಡ್ರೈವರಿನಿಂದ ಬಹು ದೂರ ಹೊಡೆಯುವವರ ಸಾಲಿನಲ್ಲಿ ಅದಿತಿಯವರ ಹೆಸರು ಬರುವುದಿಲ್ಲ.

ಪರೀಕ್ಷೆಯ ಕ್ರಮ ಕಷ್ಟದ್ದಲ್ಲ. ಸಂತೆಯಲ್ಲಿ ಮಡಕೆ ಕೊಳ್ಳುವಾಕೆ ಬೆರಳಿನಿಂದ ತಟ್ಟಿ ನಾದ ಕೇಳುತ್ತಾಳಲ್ಲವೇ, ಹಾಗೆಯೇ ಇಲ್ಲಿಯೂ. ಚೆಂಡು ಹೊಡೆದಾಗ ಒಡಕು ದನಿ ಬಂದರೆ ಮುಖ ಸೀಳಿರಬಹುದು. ಮುಖದ ಮೇಲೆ ಉಗುರು ಎಳೆದು ನೋಡಿ. ಕೂದಲೆಳೆಯ ಬಿರುಕಿಗೆ ಉಗುರು ತಡೆಯುತ್ತದೆ. ಬಿರುಕು ಬಿಟ್ಟದ್ದನ್ನು ಬಿಟ್ಟಿ ಕೊಟ್ಟರೂ ಬೇಡ. ನೆತ್ತಿಯ ಮೇಲಿನ ಗೀರುಗಳು ಅಂದಕ್ಕಷ್ಟೇ ಕುಂದು. ಅವನ್ನು ತೋರಿಸಿ ಬೆಲೆ ಇಳಿಸಬಹುದು. ಅಲುಗಿಸಿದಾಗ ಒಳಗೆ ಗುಲಗಂಜಿಯಂತೆ ಏನಾದರೂ ಸದ್ದಾದರೆ ಹೆಚ್ಚಾಗಿ ಅದು ಒಣಗಿ ಬಿಟ್ಟುಕೊಂಡ ಅಂಟಿನ ಚೂರು, ಹೆದರಬೇಕಾಗಿಲ್ಲ. ದಂಡ ತಲೆಗೆ ಸೇರುವ ಜಾಗದಲ್ಲಿ ಮಾತ್ರ ಸಡಿಲವಾಗಲಿ, ಆಳವಾದ ಗಾಯವಾಗಲಿ ಇರಕೂಡದು. ಗ್ರಾಫೈಟ್ ದಂಡ ಮುರಿಯುವಾಗ ಮುನ್ಸೂಚನೆ ಕೊಡದೆ ಮುರಿಯುತ್ತದೆ. ಉದ್ದವನ್ನೂ ಅಳೆದು ನೋಡಿ. ನಲವತ್ತೈದು ಅಂಗುಲದ ಆಸುಪಾಸು ಇರಬೇಕಾದದ್ದು ತೀರ ಗಿಡ್ಡವಾಗಿದ್ದರೆ ಹಿಂದಿನವನು ಕತ್ತರಿಸಿದ್ದಾನೆಂದು ತಿಳಿಯಬೇಕು. ಹಿಡಿಕೆಯ ರಬ್ಬರು ಸವೆದಿದ್ದರೆ ಚಿಂತೆಯಿಲ್ಲ, ಬದಲಾಯಿಸುವ ಖರ್ಚು ಅಲ್ಪ.

ನಕಲಿ ಮಾಲೂ ಇದೆ. ಅಗ್ಗದ ಆಸೆಗೆ ಮುಗ್ಗಿದ ಜೋಳ ಕೊಂಡರೆಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಈ ವರ್ಷದ ಮಾದರಿ, ಹೊಚ್ಚಹೊಸದು, ಕಾಲುಭಾಗದ ಬೆಲೆ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ತಲೆಯ ಕತ್ತಿನ ಬಳಿ ಕೆತ್ತಿರುವ ಕ್ರಮಸಂಖ್ಯೆಯನ್ನು ಬರೆದುಕೊಂಡು ಕಂಪೆನಿಯ ಅಧಿಕೃತ ಮಾರಾಟಗಾರರಲ್ಲಿ ವಿಚಾರಿಸಿದರೆ ಅನೇಕ ವೇಳೆ ಸತ್ಯ ಹೊರಬೀಳುತ್ತದೆ.

ಇನ್ನೊಂದು ಚಿಕ್ಕ ವಿಷಯ. ಈಚಿನ ಬಹುಪಾಲು ಡ್ರೈವರುಗಳ ಓರೆಯನ್ನು ತಿರುಪಿನಿಂದ ಒಂದೆರಡು ಡಿಗ್ರಿ ಹೆಚ್ಚುಕಡಿಮೆ ಮಾಡಬಹುದು. ಅದಕ್ಕೊಂದು ಕೀಲಿ ಉಂಟು. ಮಾರುವವರು ಅದನ್ನು ಮನೆಯಲ್ಲಿ ಮರೆತು ಬರುವುದು ವಾಡಿಕೆ. ಹಣ ಎಣಿಸುವ ಮೊದಲೇ ಕೀಲಿಯನ್ನು ಕೇಳಿ ಪಡೆದು, ಅವರೆದುರಿಗೇ ಒಮ್ಮೆ ತಿರುಪನ್ನು ಬಿಚ್ಚಿ ಬಿಗಿದು ನೋಡಿ.