ಸುಟ್ಟ ಕೋಟೆಯ ಊರಲ್ಲೇ ಖಾನನ ಪ್ರತಿಮೆ

(ಯುವಕರ ಸಭೆಯಲ್ಲಿ ಮಾಡಿದ ಭಾಷಣ)

ಫಿರಂಗಿ ಬರುವ ಮೊದಲು ಸರ್ಕಾರಿ ಕಾಗದ ಬರುತ್ತದೆ. ಕಜಕ್ ಜನರ ಕಥೆ ಶುರುವಾಗುವುದೇ ಹಾಗೆ.

1822ರಲ್ಲಿ ರಷ್ಯಾ ಸಾಮ್ರಾಜ್ಯ ಒಂದು ಕಾಯಿದೆ ತಂದಿತು. ಮಧ್ಯ ಏಷ್ಯಾದ ಹುಲ್ಲುಗಾವಲಿನಲ್ಲಿ ಕುದುರೆ, ಕುರಿ ಮೇಯಿಸುತ್ತ ಋತುವಿಗೊಂದು ನೆಲೆಗೆ ಹೋಗುತ್ತಿದ್ದ ಕಜಕರ ದೊಡ್ಡ ಪಂಗಡವೊಂದಕ್ಕೆ ಇನ್ನು ಮೇಲೆ ಖಾನನೇ ಇಲ್ಲ ಎಂದಿತು. ನೆಲವನ್ನು ಜಿಲ್ಲೆಗಳಾಗಿ ಕತ್ತರಿಸಿತು. ಅಪ್ಪಣೆ ಇಲ್ಲದೆ ಗಡಿ ದಾಟುವಂತಿಲ್ಲ! ಅಲೆಮಾರಿಗೆ ಗಡಿ ಹಾಕುವುದೆಂದರೇನು? ಅವನ ಹಿಂಡಿನ ಮೇವು ಕಸಿಯುವುದು. ಹೆಸರನ್ನೂ ಬಿಡಲಿಲ್ಲ. ಕಾಗದಪತ್ರಗಳಲ್ಲಿ ಕಜಕರನ್ನು 'ಕಿರ್ಗಿಜ್' ಎಂದೇ ಬರೆದರು. ಸ್ವಂತ ಹೆಸರು ಅಧಿಕೃತವಾಗಿ ಮರಳಿದ್ದು 1925ರಲ್ಲಿ.

ಇದನ್ನು ಒಪ್ಪದವನು ಕೆನೆಸರಿ. 1802ರಲ್ಲಿ ಹುಟ್ಟಿದವನು, ಹೆಸರಾಂತ ಅಬ್ಲೈ ಖಾನನ ಮೊಮ್ಮಗ. ಮೊದಲು ಅವನೂ ಪತ್ರವನ್ನೇ ಬರೆದ. ತಾತನ ಕಾಲದ ನೆಲ ಬಿಟ್ಟುಕೊಡಿ, ಕೋಟೆಗಳನ್ನು ತೆಗೆಯಿರಿ ಎಂದು ಚಕ್ರವರ್ತಿ ನಿಕೊಲಸನಿಗೇ ಕೇಳಿದ. ಕೋಟೆಗಳು ಹೋಗಲಿಲ್ಲ. 1838ರಲ್ಲಿ ಅಕ್ಮೊಲಾ ಕೋಟೆಗೆ ಬೆಂಕಿ ಇಟ್ಟ. 1841ರಲ್ಲಿ ಕಜಕರು ಅವನನ್ನು ಖಾನನೆಂದು ಆರಿಸಿದರು. ಕಾಗದದ ಮೇಲೆ ಅಳಿಸಿದ ಪದವಿ ಜನರ ಬಾಯಲ್ಲಿ ಮತ್ತೆ ಎದ್ದು ನಿಂತಿತು!

ಉತ್ತರದಲ್ಲಿ ರಷ್ಯಾ, ದಕ್ಷಿಣದಲ್ಲಿ ಕೊಕಂದ್ ರಾಜ್ಯ. ಅವನ ಸೋದರ ಸರ್ಝಾನನನ್ನೂ, ತಂದೆ ಕಾಸಿಮನನ್ನೂ ಕೊಂದವರು ಕೊಕಂದದವರು. ಎರಡು ಕಡೆಯ ಒತ್ತಡದಲ್ಲಿ ಹತ್ತು ವರ್ಷ, 1837ರಿಂದ 1847ರವರೆಗೆ, ಅವನು ಹೋರಾಡಿದ.

ಆದರೆ ಗೆಳೆಯರೇ, ನಾಯಕನ ಕಥೆ ಹೇಳುವಾಗ ಅರ್ಧ ಸತ್ಯ ಹೇಳಬಾರದು. ಕಜಕರಲ್ಲೇ ಎಷ್ಟೋ ಮಂದಿ ಸುಲ್ತಾನರು ರಷ್ಯಾದ ಪಕ್ಷ ಹಿಡಿದಿದ್ದರು. 1845ರಲ್ಲಿ ತುರ್ಗಾಯ್, ಇರ್ಗಿಜ್ ನದಿಗಳ ಬಳಿ ಹೊಸ ಕೋಟೆಗಳು ಎದ್ದಾಗ ಅವನಿಗೆ ಮೇವಿನ ನೆಲವೇ ಉಳಿಯಲಿಲ್ಲ. ಆಗ ಆಗ್ನೇಯಕ್ಕೆ ಸರಿದ. ನೆರೆಯ ಕಿರ್ಗಿಜರು ತನಗೆ ತಲೆಬಾಗಬೇಕೆಂದ. ಅವರು ಒಪ್ಪದಿದ್ದಾಗ ದಂಡೆತ್ತಿ ಹೋದ, ಊರುಗಳನ್ನು ಹಾಳುಮಾಡಿದ. 1847ರಲ್ಲಿ ಕಿರ್ಗಿಜರು ಅವನನ್ನು ಹಿಡಿದು ಕೊಂದರು. ತಲೆ ಕತ್ತರಿಸಿ ರಷ್ಯಾದ ಅಧಿಕಾರಿಗಳಿಗೆ ಕಳಿಸಿದರು. ಸಾಮ್ರಾಜ್ಯಕ್ಕೆ ಸೋಲದವನು ನೆರೆಯವರ ಕೈಯಲ್ಲಿ ಸತ್ತ. ತನ್ನ ಮೇಲೆ ಆದ ಬಲಾತ್ಕಾರವನ್ನೇ ಅವನು ನೆರೆಯವರ ಮೇಲೆ ಮಾಡಲು ಹೊರಟಿದ್ದ. ಈ ಪಾಠ ನೆನಪಿರಲಿ.

ಸತ್ತ ಮೇಲೂ ಅವನನ್ನು ಬಿಡಲಿಲ್ಲ. ನೂರು ವರ್ಷದ ನಂತರ, 1947ರಲ್ಲಿ, ಎರ್ಮುಖಾನ್ ಬೆಕ್ಮಖಾನೊವ್ ಎಂಬ ಕಜಕ್ ಇತಿಹಾಸಕಾರ ಆ ಕಾಲದ ಬಗ್ಗೆ ಪುಸ್ತಕ ಬರೆದರು. ಕೆನೆಸರಿಯ ದಂಗೆ ಜನರ ಸ್ವಾತಂತ್ರ್ಯದ ಹೋರಾಟ ಎಂದರು. ಸೋವಿಯತ್ ಸರ್ಕಾರ 1952ರಲ್ಲಿ ಅವರಿಗೆ ಕೊಟ್ಟದ್ದು 25 ವರ್ಷದ ಶಿಕ್ಷೆ! ಸ್ಟಾಲಿನ್ ಸತ್ತ ಮೇಲೆ, 1954ರಲ್ಲಿ, ಬಿಡುಗಡೆಯಾಯಿತು. ಸತ್ತ ಖಾನನಿಗೇಕೆ ಅಷ್ಟು ಹೆದರಿಕೆ? ತನ್ನ ಇತಿಹಾಸವನ್ನು ತಾನೇ ಬರೆದುಕೊಳ್ಳುವ ಜನರನ್ನು ಆಳುವುದು ಕಷ್ಟ, ಅದಕ್ಕೆ.

1991ರಲ್ಲಿ ಕಜಕಸ್ತಾನ ಸ್ವತಂತ್ರವಾಯಿತು. ಕೆನೆಸರಿ ಸುಟ್ಟ ಆ ಅಕ್ಮೊಲಾ ಕೋಟೆಯ ಜಾಗದಲ್ಲಿ ಬೆಳೆದ ಊರೇ ಇಂದಿನ ರಾಜಧಾನಿ ಅಸ್ತಾನಾ. ಅಲ್ಲಿನ ನದಿಯ ದಡದಲ್ಲಿ 2001ರಿಂದ ಕುದುರೆ ಏರಿದ ಕೆನೆಸರಿಯ ಪ್ರತಿಮೆ ನಿಂತಿದೆ. ಅವನ ತಲೆಯನ್ನು ಮಾತ್ರ ಕಜಕರು ಇನ್ನೂ ಹುಡುಕುತ್ತಿದ್ದಾರೆ.

ಪ್ರತಿಮೆ ನಿಲ್ಲಿಸುವುದು ಸುಲಭ. ಬೆಕ್ಮಖಾನೊವ್ ಮಾಡಿದ ಕೆಲಸ ಕಷ್ಟದ್ದು. ಓದಿ ಗೆಳೆಯರೇ, ಸತ್ಯವನ್ನು ಪೂರ್ತಿ ಬರೆಯಿರಿ.