ನಡುಗುವ ಕೈಗೆ ವಿದ್ಯುತ್ತಿನ ನೆರವು



ಒಂದು ಚಿಕ್ಕ ಪ್ರಯೋಗದಿಂದ ಆರಂಭಿಸೋಣ. ಕೈಯನ್ನು ಮುಂದಕ್ಕೆ ಚಾಚಿ, ಬೆರಳುಗಳ ಮೇಲೆ ಒಂದು ತೆಳು ಹಾಳೆಯನ್ನು ಇಟ್ಟುಕೊಳ್ಳಿ. ಹಾಳೆಯ ಅಂಚು ಸಣ್ಣಗೆ ಅದುರುವುದು ಕಾಣುತ್ತದೆ. ಈ ಕಂಪನ ಪ್ರತಿಯೊಬ್ಬರಲ್ಲೂ ಇದೆ. ಇದೇ ಕಂಪನ ಹಲವು ಪಟ್ಟು ದೊಡ್ಡದಾದರೆ ಲೋಟದ ಕಾಫಿ ತುಳುಕುತ್ತದೆ, ಸಹಿ ಗೀಚಾಗುತ್ತದೆ, ಸೂಜಿಗೆ ದಾರ ಪೋಣಿಸುವುದು ಅಸಾಧ್ಯವಾಗುತ್ತದೆ.

ಇಂಥ ಒಂದು ತೊಂದರೆಗೆ ವೈದ್ಯರು 'ಎಸೆನ್ಷಿಯಲ್ ಟ್ರೆಮರ್' ಎನ್ನುತ್ತಾರೆ. ಬೇರೆ ಯಾವುದೇ ಕಾಯಿಲೆಯ ಪರಿಣಾಮವಲ್ಲದೆ ತಾನಾಗಿಯೇ ಬರುವ ನಡುಕ ಎಂದು ಇದರರ್ಥ. ಕೈಗಳು ಸೆಕೆಂಡಿಗೆ 4ರಿಂದ 12 ಬಾರಿ ನಡುಗುತ್ತವೆ. ಕೆಲವರಲ್ಲಿ ತಲೆ ಮತ್ತು ಧ್ವನಿಯೂ ನಡುಗುತ್ತವೆ. ಅನೇಕ ವೇಳೆ ಇದು ವಂಶಪಾರಂಪರ್ಯವಾಗಿ ಬರುತ್ತದೆ. ಪಾರ್ಕಿನ್ಸನ್ ರೋಗದ ನಡುಕ ಸಾಮಾನ್ಯವಾಗಿ ಕೈ ಸುಮ್ಮನಿರುವಾಗ ಹೆಚ್ಚು. ಇದಾದರೋ ಕೈ ಕೆಲಸಕ್ಕೆ ತೊಡಗಿದಾಗ ಹೆಚ್ಚು. ಪ್ರಾಣಾಪಾಯವಿಲ್ಲ, ನಿಜ. ಆದರೆ ನೋಡಿದವರು ಹೆದರಿಕೆ ಎಂದೋ ಕುಡಿತ ಎಂದೋ ತಪ್ಪು ತಿಳಿಯುತ್ತಾರೆ. ಆ ನೋಟಕ್ಕೆ ಅಂಜಿ ಮದುವೆ ಮನೆಯ ಊಟವನ್ನೇ ಬಿಡುವವರಿದ್ದಾರೆ.

ಮೊದಲ ಚಿಕಿತ್ಸೆ ಮಾತ್ರೆಗಳೇ. ಪ್ರೊಪ್ರನಲಾಲ್, ಪ್ರಿಮಿಡೋನ್ ಎಂಬ ಔಷಧಿಗಳಿಂದ ಹಲವರಿಗೆ ಗುಣ ಕಾಣುತ್ತದೆ. ಇವು ಫಲಿಸದೆ, ದೈನಂದಿನ ಬದುಕೇ ಕಷ್ಟವಾದಾಗ ಮಾತ್ರ ಶಸ್ತ್ರಚಿಕಿತ್ಸೆಯ ಮಾತು.

ನಮ್ಮ ಚಲನೆಯನ್ನು ಹದಗೊಳಿಸುವ ಅನುಮಸ್ತಿಷ್ಕದಿಂದ ಹೊರಟ ಸಂದೇಶಗಳು ಮೆದುಳಿನ ಆಳದಲ್ಲಿರುವ ಥಲಾಮಸ್ ಮೂಲಕ ಮೇಲ್ಪದರಕ್ಕೆ ಸಾಗುತ್ತವೆ. ಈ ದಾರಿಯಲ್ಲಿ ತಪ್ಪು ಲಯವೊಂದು ಸೇರಿಕೊಂಡಾಗ ಕೈ ನಡುಗುತ್ತದೆ. ಹಿಂದೆ ಥಲಾಮಸ್‌ನ ಒಂದು ಸಣ್ಣ ಭಾಗವನ್ನು ಸುಟ್ಟು ನಡುಕವನ್ನು ನಿಲ್ಲಿಸುತ್ತಿದ್ದರು. ಸುಡುವ ಮೊದಲು ಸರಿಯಾದ ಜಾಗವನ್ನು ಗುರುತಿಸಲು ಅಲ್ಲಿಗೆ ವಿದ್ಯುತ್ ಹಾಯಿಸುವ ರೂಢಿಯಿತ್ತು. 1987ರಲ್ಲಿ ಫ್ರಾನ್ಸಿನ ಗ್ರೆನೋಬ್ಲ್ ನಗರದಲ್ಲಿ ವೈದ್ಯ ಬೆನಬಿದ್ ಅವರು ಹೀಗೆ ಮಾಡುವಾಗ, ಸೆಕೆಂಡಿಗೆ ಸುಮಾರು 100 ಸ್ಪಂದನಗಳನ್ನು ಕಳುಹಿಸಿದರೆ ನಡುಕ ನಿಲ್ಲುವುದನ್ನು ಗಮನಿಸಿದರು. ಸುಡದೆಯೇ ನಿಲ್ಲಿಸಬಹುದಾದರೆ ಸುಡುವುದೇಕೆ? ಈ ಪ್ರಶ್ನೆಯಿಂದ ಹೊಸ ಚಿಕಿತ್ಸೆಯೇ ಬೆಳೆಯಿತು. 1997ರಲ್ಲಿ ಅಮೆರಿಕವು ಇದನ್ನು ಎಸೆನ್ಷಿಯಲ್ ಟ್ರೆಮರ್‌ಗೆ ಬಳಸಲು ಅನುಮತಿ ನೀಡಿತು.

ತಲೆಬುರುಡೆಯಲ್ಲಿ ಚಿಕ್ಕ ರಂಧ್ರ ಮಾಡಿ ತೆಳ್ಳನೆಯ ತಂತಿಯನ್ನು ಥಲಾಮಸ್‌ಗೆ ಇಳಿಸುತ್ತಾರೆ. ಮೆದುಳಿಗೆ ನೋವಿನ ಅರಿವಿಲ್ಲ. ಆದ್ದರಿಂದ ಅನೇಕ ಕಡೆ ರೋಗಿಯನ್ನು ಎಚ್ಚರವಾಗಿಯೇ ಇಟ್ಟು, ಸುರುಳಿ ಗೆರೆ ಬರೆಯಿಸಿ ಪರೀಕ್ಷಿಸುತ್ತಾರೆ. ಎಡ ಮೆದುಳಿನ ತಂತಿ ಬಲಗೈಯ ನಡುಕವನ್ನು ತಗ್ಗಿಸುತ್ತದೆ. ತಂತಿಯ ಇನ್ನೊಂದು ತುದಿ ಚರ್ಮದಡಿಯಲ್ಲೇ ಸಾಗಿ, ಎದೆಯ ಮೇಲ್ಭಾಗದಲ್ಲಿ ಹುದುಗಿಸಿದ ಬ್ಯಾಟರಿಯುಳ್ಳ ಪೆಟ್ಟಿಗೆಯನ್ನು ಸೇರುತ್ತದೆ.

ಲಾಭವೇನು? ಬಹುಪಾಲು ರೋಗಿಗಳಲ್ಲಿ ಕೈನಡುಕ ಗಣನೀಯವಾಗಿ ತಗ್ಗುತ್ತದೆ. ವರ್ಷಗಳ ನಂತರ ಒಬ್ಬರು ತಮ್ಮ ಕೈಯಿಂದಲೇ ಸಾರು ಉಣ್ಣುವುದು ಸಣ್ಣ ಮಾತಲ್ಲ. ತಲೆ ಮತ್ತು ಧ್ವನಿಯ ನಡುಕಕ್ಕೆ ಫಲ ಅಷ್ಟು ಖಚಿತವಲ್ಲ. ಆದರೆ ಇದರಿಂದ ರೋಗ ವಾಸಿಯಾಗುವುದಿಲ್ಲ. ಸ್ವಿಚ್ ಆರಿಸಿದರೆ ನಡುಕ ಮರಳುತ್ತದೆ.

ಇನ್ನು ಅಡ್ಡ ಪರಿಣಾಮಗಳು. ನಮ್ಮ ಸ್ಟುಡಿಯೋದಲ್ಲಿ ಮೈಕಿನ ಧ್ವನಿಯನ್ನು ಅತಿಯಾಗಿ ಏರಿಸಿದರೆ ಮಾತಿನ ಜೊತೆ ಕರ್ಕಶ ಶಬ್ದವೂ ಬರುತ್ತದೆ. ಇಲ್ಲೂ ಹಾಗೆಯೇ. ವಿದ್ಯುತ್ತನ್ನು ಹೆಚ್ಚಿಸಿದಂತೆ ಅದು ಅಕ್ಕಪಕ್ಕದ ನರಭಾಗಗಳಿಗೂ ಹರಡಿ ಕೈ ಜುಮ್ಮೆನ್ನಬಹುದು, ಮಾತು ತೊದಲಬಹುದು, ನಡಿಗೆ ತೂಗಾಡಬಹುದು. ಎರಡೂ ಬದಿಗೆ ತಂತಿ ಹಾಕಿದವರಲ್ಲಿ ಮಾತು ಮತ್ತು ಸಮತೋಲನದ ತೊಂದರೆ ಹೆಚ್ಚು. ವಿದ್ಯುತ್ತನ್ನು ತಗ್ಗಿಸಿದರೆ ಇವು ಸಾಮಾನ್ಯವಾಗಿ ಕಡಿಮೆಯಾಗುತ್ತವೆ. ಆದರೆ ನಡುಕ ತುಸು ಹೆಚ್ಚಬಹುದು. ಹೀಗಾಗಿ ಶಸ್ತ್ರಚಿಕಿತ್ಸೆಯ ನಂತರ ಹಲವು ಭೇಟಿಗಳಲ್ಲಿ ಹದವನ್ನು ಹುಡುಕಬೇಕಾಗುತ್ತದೆ.

ಇದಲ್ಲದೆ ಮೆದುಳಿನಲ್ಲಿ ರಕ್ತಸ್ರಾವ, ಸೋಂಕು, ತಂತಿ ತುಂಡಾಗುವುದು ಮೊದಲಾದ ಅಪಾಯಗಳಿವೆ. ರಕ್ತಸ್ರಾವ ಅಪರೂಪ, ಆದರೆ ಆದಾಗ ಪಾರ್ಶ್ವವಾಯುವಿಗೂ ಕಾರಣವಾಗಬಹುದು. ಸಾಧಾರಣ ಬ್ಯಾಟರಿಯನ್ನು ಕೆಲವು ವರ್ಷಗಳಿಗೊಮ್ಮೆ ಬದಲಿಸಬೇಕು. ಕೆಲವರಲ್ಲಿ ವರ್ಷಗಳು ಕಳೆದಂತೆ ಫಲವೇ ಕುಗ್ಗುತ್ತದೆ.

2016ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಇನ್ನೊಂದು ವಿಧಾನದಲ್ಲಿ ತಲೆಬುರುಡೆಯನ್ನು ತೆರೆಯದೆ ಶ್ರವಣಾತೀತ ತರಂಗಗಳಿಂದ ಅದೇ ಜಾಗವನ್ನು ಸುಡುತ್ತಾರೆ. ಅಲ್ಲಿ ತಂತಿಯಿಲ್ಲ, ಬ್ಯಾಟರಿಯಿಲ್ಲ. ಆದರೆ ಸುಟ್ಟದ್ದನ್ನು ಮರಳಿ ಪಡೆಯಲಾಗದು. ವಿದ್ಯುತ್ ಚಿಕಿತ್ಸೆಯನ್ನಾದರೆ ಹೆಚ್ಚು ಕಡಿಮೆ ಮಾಡಬಹುದು, ನಿಲ್ಲಿಸಲೂಬಹುದು. ಅದರ ದೊಡ್ಡ ಗುಣ ಇದೇ.

ಆದ್ದರಿಂದ 'ಇದು ಒಳ್ಳೆಯದೇ, ಕೆಟ್ಟದ್ದೇ?' ಎಂದು ಕೇಳುವುದಕ್ಕಿಂತ 'ಈ ವ್ಯಕ್ತಿಗೆ ಯಾವ ಕೆಲಸ ಮುಖ್ಯ, ಅದಕ್ಕಾಗಿ ಎಷ್ಟು ತೊಂದರೆಯನ್ನು ಅವರು ಒಪ್ಪಬಲ್ಲರು?' ಎಂದು ಕೇಳುವುದು ಸರಿ. ಕೈ ನಡುಗಿದರೂ ಸ್ಪಷ್ಟ ಮಾತೇ ಬೇಕೆನ್ನುವ ಅಧ್ಯಾಪಕರ ಆಯ್ಕೆ ಒಂದು. ಕೈಚಳಕವನ್ನೇ ನಂಬಿದ ಅಕ್ಕಸಾಲಿಗರ ಆಯ್ಕೆ ಇನ್ನೊಂದು. ವೈದ್ಯರು ವಿವರಿಸಬೇಕು, ನಿರ್ಧಾರ ರೋಗಿಯದು.

ನಿಮ್ಮಿಂದ ಆಗುವ ಕೆಲಸವೂ ಒಂದಿದೆ. ಕೈ ನಡುಗುವ ಹಿರಿಯರು ಮನೆಗೆ ಬಂದರೆ ಕಾಫಿಯನ್ನು ಲೋಟದ ತುಂಬ ಕೊಡಬೇಡಿ, ಅರ್ಧಕ್ಕೆ ಕೊಡಿ. ಆಮೇಲೆ ಅವರ ಕೈಯನ್ನಲ್ಲ, ಮುಖವನ್ನು ನೋಡಿ ಮಾತನಾಡಿ.